ಮುಳ್ಳಯ್ಯನಗಿರಿ ಏರಿನಲ್ಲಿ ಬಿಸಿಯಾಗುವ ಗೇರ್‌ಬಾಕ್ಸ್

ಮಾನ್ಯ ಸಂಪಾದಕರೇ,

ವಾರಾಂತ್ಯ ಮುಳ್ಳಯ್ಯನಗಿರಿ ರಸ್ತೆಯ ಸಾಲಿನಲ್ಲಿ ಸಿಕ್ಕಿಕೊಂಡ ಆಟೋಮ್ಯಾಟಿಕ್ ಕಾರುಗಳು ಸೋಮವಾರ ನನ್ನ ಗ್ಯಾರೇಜಿಗೆ ಬರುತ್ತವೆ. ಏರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ಡ್ಯಾಶ್‌ಬೋರ್ಡ್ ತೋರಿಸಿರುತ್ತದೆ. ಕೆಲವರಿಗೆ ಬೇರೆ ಗ್ಯಾರೇಜಿನಲ್ಲಿ ಸ್ಕ್ಯಾನರ್ (ಕಾರಿನ ಸೆನ್ಸರ್‌ಗಳು ಹೇಳುವುದನ್ನು ಓದುವ ಉಪಕರಣ) ಕೂಡ ಹಾಕದೆ "ಗೇರ್‌ಬಾಕ್ಸೇ ಬದಲಾಯಿಸಬೇಕು" ಅಂದಿರುತ್ತಾರೆ. ಇದು ಅನ್ಯಾಯ. ಲಕ್ಷಗಟ್ಟಲೆ ಖರ್ಚಿನ ಮಾತು ಅಲ್ವಾ?

ಮೊದಲು ಗೇರ್‌ಬಾಕ್ಸ್ ಯಾವ ಬಗೆಯದು ಅಂತ ನೋಡಬೇಕು. ಎಎಂಟಿ (ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಮತ್ತು ಗೇರನ್ನು ಯಂತ್ರ ಹಾಕುತ್ತದೆ) ಮತ್ತು ಡ್ರೈ ಕ್ಲಚ್ ಡಿಸಿಟಿಯಲ್ಲಿ (ಎಣ್ಣೆಯಲ್ಲಿ ಮುಳುಗಿರದ ಎರಡು ಕ್ಲಚ್ ಇರುವಂಥದ್ದು) ಬಿಸಿಯಾಗುವುದು ಕ್ಲಚ್. ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇದ್ದರೆ ಬಿಸಿಯಾಗುವುದು ಆ ಎಣ್ಣೆ. ಏರಿನಲ್ಲಿ ತೆವಳುವಾಗ ಎಂಜಿನ್ ಶಕ್ತಿಯಲ್ಲಿ ಒಂದು ಭಾಗ ಮಾತ್ರ ಚಕ್ರಕ್ಕೆ ಹೋಗುತ್ತದೆ, ಉಳಿದದ್ದು ಎಣ್ಣೆ ಕಾಯಿಸುತ್ತದೆ. ಓಟದಲ್ಲಿ 80ರಿಂದ 95 ಡಿಗ್ರಿ ಸಾಮಾನ್ಯ. 120 ದಾಟಿ ತುಂಬಾ ಹೊತ್ತು ಇದ್ದರೆ ಎಣ್ಣೆ ಬೇಗ ಕೆಡುತ್ತದೆ.

ರಾತ್ರಿಯಿಡೀ ನಿಂತ ಕಾರಿಗೆ ಬೆಳಿಗ್ಗೆ ಸ್ಕ್ಯಾನರ್ ಹಾಕಿ. ಆಗಲೂ ನೂರು ಡಿಗ್ರಿ ತೋರಿಸಿದರೆ ತಪ್ಪು ಸೆನ್ಸರ್ ಅಥವಾ ವೈರಿನದು, ಗೇರ್‌ಬಾಕ್ಸ್‌ನದಲ್ಲ. ಆಮೇಲೆ ಎಣ್ಣೆ ಮಟ್ಟ. ಈಗಿನ ಹಲವು ಕಾರುಗಳಲ್ಲಿ ಅದಕ್ಕೆ ಕಡ್ಡಿಯೇ ಇರುವುದಿಲ್ಲ. ಸಮತಟ್ಟಾದ ಜಾಗದಲ್ಲಿ, ಕಂಪನಿ ಹೇಳಿದ ತಾಪದಲ್ಲಿ, ಕೆಳಗಿನ ಪ್ಲಗ್ ಬಿಚ್ಚಿಯೇ ನೋಡಬೇಕು. ಕೆಂಪು ಎಣ್ಣೆ ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಬದಲಾಯಿಸಲೇಬೇಕು. ಗೇರ್‌ಬಾಕ್ಸ್ ಅಡಿಯ ಎಣ್ಣೆ ತಟ್ಟೆಯಲ್ಲಿ (ಪ್ಯಾನ್) ಲೋಹದ ಚೂರು ಸಿಕ್ಕರೆ ಮಾತ್ರ ಒಳಗೆ ಬಿಚ್ಚುವ ಮಾತು. ನಮ್ಮ ಕಡೆಯ ಕಾರುಗಳಲ್ಲಿ ಎಣ್ಣೆ ತಣಿಸುವ ಕೂಲರ್ ಮುಂದೆ ಕೆಸರು, ಒಣ ಎಲೆ ಕಟ್ಟಿಕೊಂಡಿರುವುದೂ ಉಂಟು. ತೊಳೆದರೆ ಸಾಕು, ಗೇರ್‌ಬಾಕ್ಸ್ ಉಳಿಯುತ್ತದೆ.

ಆದರೆ ತುಂಬಾ ಕಾರುಗಳಲ್ಲಿ ದೋಷವೇ ಇರುವುದಿಲ್ಲ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸವೇ ಕಾರಣ. ಯಾರೂ ಹೇಳಿಕೊಡದಿದ್ದರೆ ಬೆಂಗಳೂರಿನಿಂದ ಬಂದವರಿಗೆ ಗೊತ್ತಾಗುವುದಾದರೂ ಹೇಗೆ?

ಅದಕ್ಕೇ ಜಿಲ್ಲಾಡಳಿತಕ್ಕೆ ನನ್ನ ಮನವಿ. ಕೈಮರ ಚೆಕ್‌ಪೋಸ್ಟಿನಲ್ಲಿ ದೊಡ್ಡದೊಂದು ಬೋರ್ಡ್ ಹಾಕಿಸಿ: ಏರಿನಲ್ಲಿ ಬ್ರೇಕ್ ಹಿಡಿದು ನಿಲ್ಲಿ, ಮುಂದೆ ಜಾಗವಾದ ಮೇಲೆ ಒಂದೇ ಸಲ ಸಾಗಿ, ಕೆಳ ಗೇರಿನಲ್ಲೇ ಹತ್ತಿ, ಎಚ್ಚರಿಕೆ ಬಂದರೆ ಪಕ್ಕಕ್ಕೆ ತೆಗೆದು ಆರಲು ಬಿಡಿ. ಹಾಗೆ ಪಕ್ಕಕ್ಕೆ ತೆಗೆಯಲು ಎರಡು ಮೂರು ಕಡೆ ಜಾಗವನ್ನೂ ಗುರುತಿಸಿಕೊಡಿ. ಈಗ ಅಂಥ ತಿರುವುಗಳಲ್ಲೆಲ್ಲ ಫೋಟೊ ತೆಗೆಯುವವರ ಕಾರುಗಳೇ ನಿಂತಿರುತ್ತವೆ.

– ಒಬ್ಬ ಗ್ಯಾರೇಜ್ ಮೆಕ್ಯಾನಿಕ್, ಚಿಕ್ಕಮಗಳೂರು