ಆಗಸ್ಟ್ 12ರ ಆನೆ ದಿನದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಆಗಸ್ಟ್ 12ರಂದು ಶಾಲೆಯಲ್ಲಿ ವಿಶ್ವ ಆನೆ ದಿನವನ್ನು ಆಚರಿಸುವ ವಿಷಯವನ್ನು ಮಕ್ಕಳ ಡೈರಿಯಲ್ಲಿ ಬರೆಸಿ ಕಳುಹಿಸಿದ ಮೇಲೆ, ಹಲವು ಪೋಷಕರು ಸಹಿ ಮಾಡಿದ ಮನವಿಯೊಂದು ಶಾಲಾಭಿವೃದ್ಧಿ ಸಮಿತಿಯ ಮೂಲಕ ನನ್ನ ಕೈ ಸೇರಿದೆ. ಬೆಳೆದು ನಿಂತ ಭತ್ತವನ್ನು ಒಂದೇ ರಾತ್ರಿಯಲ್ಲಿ ತುಳಿದು ಹಾಕುವ, ತೋಟದ ಕೆಲಸಕ್ಕೆ ಹೋದವರ ಜೀವವನ್ನೇ ತೆಗೆಯುವ ಪ್ರಾಣಿಗೆ ಶಾಲೆಯವರು ಹಬ್ಬ ಮಾಡುವುದು ನೊಂದವರನ್ನು ಅಣಕಿಸಿದಂತೆ ಎಂಬುದು ಆ ಮನವಿಯ ಸಾರಾಂಶ. ಮಾತು ಸ್ವಲ್ಪ ಖಾರವಾಗಿದ್ದರೂ ಅದರ ಹಿಂದಿನ ಸಂಕಟ ನಿಜವಾದದ್ದು. ಆದ್ದರಿಂದ ಮಕ್ಕಳ ಬಾಯಲ್ಲಿ ಉತ್ತರ ಹೇಳಿ ಕಳುಹಿಸದೆ ನಾನೇ ಬರೆಯುತ್ತಿದ್ದೇನೆ.

ಕಾರ್ಯಕ್ರಮ ನಡೆಯುತ್ತದೆ. ಆದರೆ ತಾವು ಅಂದುಕೊಂಡಿರುವ ರೀತಿಯಲ್ಲಿ ಅಲ್ಲ. ಆನೆಯ ಚಿತ್ರಕ್ಕೆ ಹಾರ ಹಾಕುವುದಾಗಲಿ, ಸಿಹಿ ಹಂಚುವುದಾಗಲಿ, ಜೈಕಾರ ಕೂಗಿಸುವುದಾಗಲಿ ಅಂದು ಇರುವುದಿಲ್ಲ. ಆನೆ ದಾಳಿಯಲ್ಲಿ ತೀರಿಕೊಂಡ ನಮ್ಮ ಸುತ್ತಿನ ಊರುಗಳವರಿಗಾಗಿ ಪ್ರಾರ್ಥನೆಯ ವೇಳೆಯಲ್ಲಿಯೇ ಮೌನಾಚರಣೆ ಮಾಡಿ, ಅನಂತರ ಊಟದ ಬಿಡುವಿನವರೆಗೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿಯೂ ನಮ್ಮ ವಿಜ್ಞಾನ ಶಿಕ್ಷಕರೂ ಮಕ್ಕಳೊಂದಿಗೆ ಮಾತನಾಡುತ್ತಾರೆ. ಚಿಕ್ಕ ತರಗತಿಯವರು ಹಳೇಬೀಡಿನ ದೇವಾಲಯದ ಗೋಡೆಯ ಕೆಳಸಾಲಿನ ಆನೆಗಳನ್ನು ನೋಡಿ ಚಿತ್ರ ಬರೆಯುತ್ತಾರೆ.

ಇಷ್ಟನ್ನೂ ಏಕೆ ಮಾಡಬೇಕು ಎಂದು ತಾವು ಕೇಳಬಹುದು. ಬಿಕ್ಕೋಡು, ಅರೇಹಳ್ಳಿ ಕಡೆಯ ನಮ್ಮ ಆನೆಗಳು ದೂರದ ಯಾವುದೋ ದಟ್ಟ ಕಾಡಿನಲ್ಲಿ ಇರುವಂಥವಲ್ಲ. ಹಗಲೆಲ್ಲ ಕಾಫಿ ತೋಟದ ನೆರಳಿನಲ್ಲಿ ನಿಂತು, ಹಲಸು, ಬೈನೆ ಸಿಕ್ಕಲ್ಲಿ ತಿಂದು, ಹೊತ್ತು ಇಳಿದ ಮೇಲೆ ಗದ್ದೆಯ ಕಡೆಗೆ ಹೊರಡುತ್ತವೆ. ಬೆಳಗಾಗುವ ಹೊತ್ತಿಗೆ ಮತ್ತೆ ತೋಟ ಸೇರುತ್ತವೆ. ಮಳೆಗಾಲದಲ್ಲಿ, ಮೋಡ ಕವಿದ ದಿನಗಳಲ್ಲಿ, ನಮ್ಮ ಮಕ್ಕಳು ಚೀಲ ಹೊತ್ತು ಮನೆ ಬಿಡುವುದೂ ಸಂಜೆ ಮನೆ ಸೇರುವುದೂ ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಆನೆಯ ಕಣ್ಣು ಅಷ್ಟೇನೂ ಚುರುಕಲ್ಲ, ಮೂಗು ಮಾತ್ರ ಬಹಳ ಚುರುಕು. ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ಮರಿ ಜೊತೆಗಿದ್ದರೆ ಅದರ ಮತ್ತು ತಾಯಿಯ ನಡುವೆ ಸಿಕ್ಕಿಕೊಂಡವರಿಗೆ ಉಳಿಗಾಲವಿಲ್ಲ. ಒಂಟಿ ಸಲಗದ ಕಣ್ಣು-ಕಿವಿಗಳ ನಡುವೆ ಕಪ್ಪಗೆ ಒದ್ದೆ ಇಳಿದಿದ್ದರೆ ಅದಕ್ಕೆ ಮದ ಬಂದಿದೆ ಎಂದು ತಿಳಿದು, ಎಷ್ಟು ದೂರದಲ್ಲಿ ಕಂಡರೂ ಹಿಂದಿರುಗಬೇಕು. ಲದ್ದಿ ಇನ್ನೂ ಬಿಸಿಯಾಗಿದ್ದರೆ ಆ ದಾರಿ ಬಿಡಬೇಕು. ಹಿರಿಯರಿಗೆ ಇವೆಲ್ಲ ಗೊತ್ತು, ಆದರೆ ತೋಟದ ಲೈನ್ ಮನೆಗಳಿಗೆ ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಯಾರು?

ಕಳೆದ ತಿಂಗಳು ಶಾಲೆಯ ಗೇಟಿನಾಚೆಯ ಕೆಸರಿನಲ್ಲಿ ಆನೆಯ ಹೆಜ್ಜೆಗಳು ಬಿದ್ದಿದ್ದವು. ಆನೆ ಹೊಳೆ ದಾಟಿ ಹೋಗಿದೆ ಎಂದು ಅರಣ್ಯ ಸಿಬ್ಬಂದಿ ಖಚಿತಪಡಿಸಿದ ಮೇಲೆ ಏಳನೆಯ ತರಗತಿಯವರು ಮುಂಗಾಲಿನ ಗುರುತಿನ ಸುತ್ತ ಸೆಣಬಿನ ದಾರ ಹಿಡಿದು ಅಳೆದರು. ಆ ಸುತ್ತಳತೆಯ ಎರಡರಷ್ಟು ಎಂದರೆ ಹೆಚ್ಚುಕಡಿಮೆ ಆನೆಯ ಹೆಗಲಿನ ಎತ್ತರ. ಲೆಕ್ಕ ಹಾಕಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ಕೆಳಗೆ ಹೋಗಿ ನಿಂತ ಹುಡುಗರ ಸದ್ದು ಅಡಗಿಹೋಯಿತು. ಆನೆಯ ಹಿಂದೆ ಬೈಕಿನಲ್ಲಿ ಹೋಗಿ ಮೊಬೈಲಿನಲ್ಲಿ ವಿಡಿಯೊ ಮಾಡುವ ಕೆಲವು ದೊಡ್ಡ ಹುಡುಗರನ್ನೂ ಆ ಗೆರೆಯ ಕೆಳಗೆ ನಿಲ್ಲಿಸುವ ಆಸೆ ನನಗಿದೆ. ಅವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ ಎಂಬುದನ್ನು ಬೇಸರದಿಂದಲೇ ಹೇಳಬೇಕಾಗಿದೆ.

ದಿನಾಚರಣೆಯ ಬದಲು ಆನೆಗಳನ್ನು ಸ್ಥಳಾಂತರಿಸಿ ಎಂದು ಸರ್ಕಾರಕ್ಕೆ ಶಾಲೆಯ ಮೂಲಕವೇ ಬರೆಯಬೇಕು ಎಂದೂ ಮನವಿಯಲ್ಲಿದೆ. ಹೈಕೋರ್ಟ್ ನೇಮಿಸಿದ್ದ ಕಾರ್ಯಪಡೆ 2012ರಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡಿದ್ದು, 2014ರಲ್ಲಿ ಹಲವು ಆನೆಗಳನ್ನು ಹಿಡಿದದ್ದು, ಆಮೇಲೂ ಆನೆಗಳು ಬಂದು ಸೇರಿಕೊಂಡದ್ದು ತಮಗೆಲ್ಲ ತಿಳಿದೇ ಇದೆ. ಬೇಲಿ, ಪರಿಹಾರ, ಸ್ಥಳಾಂತರ, ಇವುಗಳಿಗಾಗಿ ತಾವು ಹೋರಾಡುವುದು ತಮ್ಮ ಹಕ್ಕು. ಅದರ ವಿರುದ್ಧ ಶಾಲೆ ಒಂದು ಮಾತನ್ನೂ ಆಡುವುದಿಲ್ಲ, ಅಂದಿನ ಕಾರ್ಯಕ್ರಮದಲ್ಲಿ ಬೇರೆಯವರು ಆಡಲೂ ಬಿಡುವುದಿಲ್ಲ. ಆದರೆ ಆ ಹೋರಾಟ ಮುಗಿಯುವವರೆಗೆ ಮಕ್ಕಳು ಇದೇ ದಾರಿಯಲ್ಲಿ ನಡೆಯಬೇಕಲ್ಲವೇ? 2023ರ ಗಣತಿಯಂತೆ ರಾಜ್ಯದಲ್ಲಿ 6,395 ಆನೆಗಳಿವೆ. ಕಾಡು ತುಂಡುತುಂಡಾದಷ್ಟೂ ಅವು ತೋಟ, ಗದ್ದೆಗಳ ಕಡೆಗೆ ಬರುತ್ತವೆ ಎಂಬುದನ್ನು ಮಕ್ಕಳಿಗೆ ಹೇಳಿದರೆ, ಅದು ತಮ್ಮ ನಷ್ಟವನ್ನು ಸಣ್ಣದು ಮಾಡಿದಂತೆ ಆಗುವುದಿಲ್ಲ.

ಇನ್ನೊಂದು ಮಾತನ್ನು ಹೇಳಲು ಅನುಮತಿ ಕೊಡಿ. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂಟಿ ಸಲಗದೊಂದಿಗೆ ಕಾದಾಡಿ ಸತ್ತಾಗ ನಮ್ಮ ಜಿಲ್ಲೆಯ ಜನ ಕಣ್ಣೀರಿಟ್ಟರು; ಅಲ್ಲಿ ಸ್ಮಾರಕ ಆಗಲೇಬೇಕೆಂದು ಹಟ ಹಿಡಿದರು. ಗದ್ದೆ ಕಳೆದುಕೊಂಡವರೂ ಅವರಲ್ಲಿದ್ದರು. ಆನೆಯ ಮೇಲಿನ ಸಿಟ್ಟೂ ಅಕ್ಕರೆಯೂ ಒಂದೇ ಮನೆಯಲ್ಲಿ ಇರುವ ಊರು ನಮ್ಮದು. ಅಕ್ಕರೆಯನ್ನಷ್ಟೇ ಕಲಿಸಿ ಸಿಟ್ಟನ್ನು ಅಳಿಸುವ ಉದ್ದೇಶ ಶಾಲೆಗೆ ಇಲ್ಲ. ಮತ್ತೊಮ್ಮೆ ಹೇಳುತ್ತೇನೆ, ಆನೆಯನ್ನು ತಿಳಿದುಕೊಳ್ಳುವುದೆಂದರೆ ಆನೆಯ ಪಕ್ಷ ವಹಿಸುವುದಲ್ಲ.

ಹಾಗಿದ್ದರೂ, ಮನೆಯವರನ್ನು ಕಳೆದುಕೊಂಡ ಮಗುವನ್ನು ಆ ದಿನ ಅಲ್ಲಿ ಕೂರಿಸುವುದು ಬೇಡವೆಂದು ಅನ್ನಿಸಿದರೆ ದಯವಿಟ್ಟು ನನಗೆ ನೇರವಾಗಿ ತಿಳಿಸಿ. ಆ ಮಗು ಗ್ರಂಥಾಲಯದಲ್ಲಿ ಶಿಕ್ಷಕಿಯೊಬ್ಬರ ಜೊತೆ ಇರಬಹುದು. ಕಾರಣವನ್ನು ಯಾರೂ ಕೇಳುವುದಿಲ್ಲ. ಉಳಿದವರು ಎಂದಿನಂತೆ ಹಾಜರಿರಬೇಕು.

ಇದೇ ಸಂದರ್ಭದಲ್ಲಿ ಹೊಸ ನಿಯಮವೊಂದನ್ನೂ ತಿಳಿಸುತ್ತಿದ್ದೇನೆ. ಆನೆ ಕಾರ್ಯಪಡೆಯ ಸಂದೇಶ ಬಂದ ದಿನ ಅಥವಾ ಮೈಕ್ ಕಟ್ಟಿದ ಜೀಪು ಕೂಗಿಕೊಂಡು ಹೋದ ದಿನ ಎಷ್ಟೇ ತಡವಾಗಿ ಬಂದರೂ ಮಗುವಿಗೆ ಹಾಜರಾತಿ ಕೊಡಲಾಗುವುದು. ತೋಟದೊಳಗಿನ ಅಡ್ಡದಾರಿಯಲ್ಲಿ ಮಕ್ಕಳು ಒಬ್ಬೊಬ್ಬರೇ ಬರುವುದನ್ನು ಮಾತ್ರ ಇನ್ನು ಮುಂದೆ ಒಪ್ಪಲಾಗುವುದಿಲ್ಲ. ಸುತ್ತಾದರೂ ಡಾಂಬರು ರಸ್ತೆಯಲ್ಲಿ ಗುಂಪಾಗಿಯೇ ಬರಬೇಕು. ಇದು ಕೆಲವು ಮನೆಗಳಿಗೆ ದೂರವಾಗುತ್ತದೆಂದು ಬಲ್ಲೆ. ಅಂಥ ಮಕ್ಕಳಿಗೆ ಮೊದಲ ಅವಧಿ ತಪ್ಪಿದರೂ ಸಂಜೆ ಬೇಗ ಬಿಡುವುದಕ್ಕೆ ತೊಂದರೆಯಾಗದಂತೆ ಆ ಪಾಠವನ್ನು ಮಧ್ಯಾಹ್ನದ ಬಿಡುವಿನಲ್ಲಿ ಹೇಳಿಕೊಡಲು ಶಿಕ್ಷಕರು ಒಪ್ಪಿದ್ದಾರೆ.

ಜೊತೆಗಿರುವ ಚೀಟಿಯಲ್ಲಿ ಮಗು ಬರುವ ದಾರಿಯನ್ನೂ ತಮ್ಮ ಫೋನ್ ಸಂಖ್ಯೆಯನ್ನೂ ಬರೆದು, ಸಹಿ ಮಾಡಿ, ಆಗಸ್ಟ್ 8ರ ಒಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ