ಸ್ಕೂಟಿಗೆ ಸಾಲ ಸಿಗಲಿಲ್ಲ ಅಂದ ಮಗಳಿಗೊಂದು ಪತ್ರ

ಬೆಟಗೇರಿ, ಗದಗ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ನೀನು ಅಂದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. ‘ಅವ್ವಾ, ನಾನು ಯಾರ ಹತ್ರಾನೂ ಒಂದು ರೂಪಾಯಿ ಸಾಲ ಮಾಡಿಲ್ಲ. ಆದರೂ ಸ್ಕೂಟಿಗೆ ಸಾಲ ಇಲ್ಲ ಅಂದರು’ ಅಂದೆಯಲ್ಲ. ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಯಿತು, ಪಗಾರ ತಪ್ಪದೆ ಬರುತ್ತಿದೆ. ವಿದ್ಯಾನಗರದಿಂದ ಗೋಕುಲ ರೋಡಿಗೆ ದಿನಾ ಆಟೋಕ್ಕೆ ರೊಕ್ಕ ಸುರಿಯುವುದು ಯಾಕೆ ಅನ್ನುವ ನಿನ್ನ ಲೆಕ್ಕವೂ ಸರಿ.

ಇದರಲ್ಲಿ ನಮ್ಮ ತಪ್ಪೂ ಇದೆ. ಸಾಲ ಅಂದರೆ ಶೂಲ ಅಂತ ಹೇಳಿ ಹೇಳಿಯೇ ನಿನ್ನನ್ನು ಬೆಳೆಸಿದೆವು. ಆದರೆ ಸಾಲವನ್ನೇ ಮಾಡದವರ ಬಗ್ಗೆ, ಯಾರು ಸಾಲ ಹೇಗೆ ತೀರಿಸಿದರು ಅಂತ ಲೆಕ್ಕ ಬರೆದಿಡುವ ಸಿಬಿಲ್‌ನವರ ಹತ್ರ ಬರೆಯುವುದಕ್ಕೆ ಏನಿರುತ್ತದೆ? ರಿಪೋರ್ಟಿನಲ್ಲಿ ಅಂಕ ಇರಬೇಕಾದ ಜಾಗದಲ್ಲಿ ‘ಎನ್‌ಎಚ್’ ಅಂತ ಬರುತ್ತದೆ. ಹಿಂದಿನ ದಾಖಲೆ ಏನೂ ಇಲ್ಲ ಅಂತ ಅರ್ಥ. ನಿನ್ನನ್ನು ಯಾರೂ ಕೆಟ್ಟವಳು ಅಂದಿಲ್ಲ. ಅವರಿಗೆ ನಿನ್ನ ಗುರುತೇ ಇಲ್ಲ, ಅಷ್ಟೆ.

ನಿನ್ನ ಅಜ್ಜ ಮಗ್ಗ ನಡೆಸುತ್ತಿದ್ದಾಗ ನೂಲನ್ನು ಉದ್ರಿ ತರುತ್ತಿದ್ದರು. ಸೀರೆ ಮಾರಿದ ಮೇಲೆ ರೊಕ್ಕ. ನೂಲಿನ ಅಂಗಡಿಯ ವಹಿಯಲ್ಲಿ ಅವರ ಹೆಸರಿಗೆ ಒಂದು ಪುಟ ಇತ್ತು. ಹೇಳಿದ ದಿನ ಕೊಡುವುದು ಆಗದಿದ್ದರೆ ಹಿಂದಿನ ದಿನವೇ ಹೋಗಿ ಹೇಳಿ ಬರುತ್ತಿದ್ದರು. ಹಾಗೆ ಗಳಿಸಿದ ನಂಬಿಕೆಗೆ ಅವರು ‘ಪತ್ತು’ ಅನ್ನುತ್ತಿದ್ದರು. ಗದಗಿನಲ್ಲಿ ಪತ್ತಿನ ಸಹಕಾರಿ ಸಂಘ ಅನ್ನುವ ಬೋರ್ಡು ಎಷ್ಟು ನೋಡಿಲ್ಲ ನೀನು? ಅದೇ ಪತ್ತು. ಏಷ್ಯಾದಲ್ಲೇ ಮೊದಲನೆಯದು ಅಂತ ಹೆಸರಾದ ಕೃಷಿ ಸಹಕಾರ ಸಂಘವನ್ನು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲೇ. ಊರೊಳಗೆ ಯಾರು ಎಂಥವರು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಹುಬ್ಬಳ್ಳಿಯಲ್ಲಿ ನಿನ್ನನ್ನು ಬಲ್ಲವರು ಯಾರಿದ್ದಾರೆ?

ಅದಕ್ಕೇ ಈಗ ಆ ವಹಿ ನಾಲ್ಕು ಕಂಪನಿಗಳ ಹತ್ರ ಇದೆ: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಸಿಬಿಲ್ ಅಂಕ 300ರಿಂದ 900ರವರೆಗೆ. 750 ದಾಟಿದವರಿಗೆ ಬ್ಯಾಂಕಿನಲ್ಲಿ ಕೂತ್ಕೊಳ್ರಿ ಅನ್ನುತ್ತಾರೆ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂತೀಯಾ? ನಿಮ್ಮಪ್ಪನ ದೆಸೆಯಿಂದ. ಜೊತೆಗೆ ಕೆಲಸ ಮಾಡುವವರೊಬ್ಬರಿಗೆ ಜಾಮೀನು ಸಹಿ ಹಾಕಿದ್ದರು. ಚಹಾ ಕುಡಿದಷ್ಟೇ ಸಲೀಸಾಗಿ. ಒಂದು ವರ್ಷ ಆದ ಮೇಲೆ ಅವರು ಕಂತು ಕಟ್ಟುವುದು ಬಿಟ್ಟರು. ನಮ್ಮ ಮನೆಗೂ ನೋಟಿಸು ಬಂದವು. ನಿಮ್ಮಪ್ಪ ಒಡೆದೂ ನೋಡದೆ ಟ್ರಂಕಿನಲ್ಲಿ ಇಟ್ಟರು. ನೀನು ಪಿಯುಸಿ ಇದ್ದಾಗ ಮೇಲಿನ ಕೋಣೆಗೆ ಆರ್‌ಸಿಸಿ ಹಾಕಿಸೋಣ ಅಂತ ಸಾಲ ಕೇಳಲು ಹೋದೆವು. ಅಲ್ಲಿದ್ದವರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಆ ಸಾಲ ನಿಮ್ಮಪ್ಪನ ರಿಪೋರ್ಟಿನಲ್ಲೂ ಕೂತಿತ್ತು! ಜಾಮೀನು ಅಂದರೆ ಸಾಕ್ಷಿ ಹೇಳಿದ ಹಾಗೆ ಅಂದ್ಕೊಂಡಿದ್ದೆವು. ಸಾಲಗಾರ ಕಟ್ಟದಿದ್ದರೆ ನಾವು ಕಟ್ಟಬೇಕು ಅಂತ ಅವತ್ತು ತಿಳಿಯಿತು.

ಸಾಲ ಮಾಡಿದ್ದವರು ಒಂದಿಷ್ಟು ಕೊಟ್ಟು ಸೆಟಲ್‌ಮೆಂಟ್ ಮಾಡ್ಕೊಳ್ಳೋಣ ಅಂದರು. ಹಾಗೆ ಮಾಡಿದರೆ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಅಂತ ಬರುವುದಿಲ್ಲ, ‘ಸೆಟಲ್ಡ್’ ಅಂತ ಬರುತ್ತದೆ. ಪೂರ್ತಿ ಕಟ್ಟಿಲ್ಲ ಅಂತ ಮುಂದಿನವರಿಗೆ ಅದು ಸಾರಿ ಹೇಳುತ್ತದೆ. ಅರ್ಧ ಅವರು, ಅರ್ಧ ನಾವು ಹಾಕಿ ಪೂರಾ ತೀರಿಸಿದೆವು. ನನ್ನ ಬಂಗಾರದ ಪಾಟ್ಲಿ ಒತ್ತೆಗೆ ಹೋದದ್ದು ಆಗಲೇ. ಏನೂ ಬಾಕಿ ಇಲ್ಲ ಅನ್ನುವ ಬೇಬಾಕಿ ಪತ್ರ ಕೈಗೆ ಬಂದರೂ ರಿಪೋರ್ಟಿನಲ್ಲಿ ಮಾತ್ರ ತಿಂಗಳುಗಟ್ಟಲೆ ಬಾಕಿ ಅಂತಲೇ ತೋರಿಸುತ್ತಿತ್ತು. ಎಷ್ಟು ಸಲ ಓಡಾಡಿದೆವೋ! ಈಗ ರಿಸರ್ವ್ ಬ್ಯಾಂಕಿನ ನಿಯಮ ಬಂದಿದೆ. ದೂರು ಕೊಟ್ಟ 30 ದಿನದೊಳಗೆ ಸರಿಮಾಡದಿದ್ದರೆ ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕು. ನಮ್ಮ ಕಾಲಕ್ಕೆ ಇದ್ದಿದ್ದರೆ ಪಾಟ್ಲಿ ಬಡ್ಡಿಯಾದರೂ ಹುಟ್ಟುತ್ತಿತ್ತು.

ಕಳೆದ ವಾರ ಇನ್ನೊಬ್ಬರು ಜಾಮೀನು ಕೇಳಿಕೊಂಡು ಬಂದಿದ್ದರು. ನಿಮ್ಮಪ್ಪ ಗಿರಮಿಟ್ ತರಿಸಿ, ಮಿರ್ಚಿ ತಿನ್ನಿಸಿ, ಚಹಾ ಕುಡಿಸಿ ಕಳಿಸಿದರು. ಸಹಿ ಮಾತ್ರ ಹಾಕಲಿಲ್ಲ.

ನಿನ್ನ ವಿಷಯಕ್ಕೆ ಬರುತ್ತೇನೆ. ಸಿಟ್ಟಿಗೆದ್ದು ಇನ್ನೂ ನಾಲ್ಕು ಕಡೆ ಅರ್ಜಿ ಹಾಕಬೇಡ. ಅವರು ಒಬ್ಬೊಬ್ಬರೂ ನಿನ್ನ ರಿಪೋರ್ಟ್ ತೆಗೆಸಿದ್ದು ಅಲ್ಲಿ ದಾಖಲಾಗುತ್ತದೆ, ಇವಳಿಗೆ ರೊಕ್ಕದ ತುರ್ತು ಜಾಸ್ತಿ ಇದೆ ಅನ್ನಿಸುತ್ತದೆ. ನೀನೇ ನೋಡಿಕೊಂಡರೆ ಅಂಕ ಕಡಿಮೆಯಾಗುವುದಿಲ್ಲ. ಆ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು.

ಫಿಕ್ಸೆಡ್ ಡಿಪಾಸಿಟ್ ಇಟ್ಟರೆ ಅದರ ಮೇಲೆ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ, ಹಳೆಯ ದಾಖಲೆ ಇಲ್ಲದಿದ್ದರೂ ನಡೆಯುತ್ತದೆ. ಕಾರ್ಡಿನ ಮಿತಿ 20,000 ಇದ್ದರೆ ಐದಾರು ಸಾವಿರದೊಳಗೇ ಬಳಸು. ಬಿಲ್ಲು ಬಂದಾಗ ಪೂರ್ತಿ ಕಟ್ಟು, ನಿನ್ನ ಹೆಸರಿಗೂ ದಾಖಲೆ ಹುಟ್ಟುತ್ತದೆ. ಅದರಲ್ಲಿ ‘ಮಿನಿಮಮ್ ಡ್ಯೂ’ ಅಂತ ಸಣ್ಣ ಮೊತ್ತ ತೋರಿಸಿ ಆಸೆ ಹುಟ್ಟಿಸುತ್ತಾರೆ. ಅಷ್ಟೇ ಕಟ್ಟಿದರೆ ಉಳಿದದ್ದಕ್ಕೆ ನೂರಕ್ಕೆ ತಿಂಗಳಿಗೆ ಮೂರು, ಮೂರೂವರೆ ರೂಪಾಯಿ ಬಡ್ಡಿ. ನಮ್ಮ ಓಣಿಯ ಕೈಗಡದವರೇ ವಾಸಿ ಅನ್ನಿಸುತ್ತದೆ. ಫೋನಿನಲ್ಲಿ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಅಂತ ಬರುತ್ತದಲ್ಲ, ಅದೂ ಸಾಲವೇ, ಅಲ್ವಾ? ಸುಮ್ನೆ ಒತ್ತಬೇಡ.

ನಿಮ್ಮಪ್ಪ ಸ್ಕೂಟಿಗೆ ಪೂರ್ತಿ ರೊಕ್ಕ ತಾವೇ ಕೊಡುತ್ತೇನೆ ಅನ್ನುತ್ತಿದ್ದಾರೆ. ಬೇಡ ಅಂದಿದ್ದೇನೆ. ಅದರಲ್ಲಿ 20,000 ನಿನ್ನ ಹೆಸರಿಗೆ ಡಿಪಾಸಿಟ್ ಇಡೋಣ. ಆರೇಳು ತಿಂಗಳು ಆಟೋದಲ್ಲೇ ಓಡಾಡು, ದಾಖಲೆ ಹುಟ್ಟಿದ ಮೇಲೆ ಮತ್ತೆ ಸಾಲ ಕೇಳು. ಭಾನುವಾರ ಬರುವಾಗ ಪ್ಯಾನ್ ಕಾರ್ಡ್ ಮರೆಯದೆ ತಾ.

ನಿನ್ನ ಅವ್ವ