ರೈಲು ನೋಡಲು ರಸ್ತೆಯಲ್ಲಿ ಹೋಗಬೇಕೆ? ರೈಲ್ವೆ ರಾಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ರೈಲ್ವೆ ರಾಜ್ಯ ಸಚಿವರಾದ ಶ್ರೀ ವಿ. ಸೋಮಣ್ಣನವರಿಗೆ, ಯಲಹಂಕದ ರೈಲು ಪ್ರೇಮಿಯೊಬ್ಬನ ನಮಸ್ಕಾರಗಳು.

ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗದ ಹಳೆಯ ನಿಲ್ದಾಣಗಳ ಬಗ್ಗೆ ತಮ್ಮಲ್ಲಿ ಒಂದು ಅರಿಕೆ ಇದೆ. ರೈಲ್ವೆ ಸಚಿವಾಲಯದಲ್ಲಿ ಬೆಂಗಳೂರಿನ ಗಲ್ಲಿಗಲ್ಲಿ ಬಲ್ಲ ನಮ್ಮವರೊಬ್ಬರು ಇರುವಾಗ, ಬೇರೆ ಯಾರಿಗೋ ಇಂಗ್ಲಿಷಿನಲ್ಲಿ ಅರ್ಜಿ ಹಾಕುವುದಕ್ಕಿಂತ ತಮಗೇ ಕನ್ನಡದಲ್ಲಿ ಬರೆಯೋಣ ಎನ್ನಿಸಿತು.

ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಈ ನಾಲ್ಕೂ ಕಡೆ ನೂರು ವರ್ಷ ದಾಟಿದ ನಿಲ್ದಾಣದ ಕಟ್ಟಡಗಳಿವೆ. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಖಾಸಗಿ ಕಂಪನಿಯ ನ್ಯಾರೋ ಗೇಜ್ ರೈಲು ಇಲ್ಲಿ ಓಡಲು ಶುರುವಾಯಿತು. ಹಳಿಯಿಂದ ಹಳಿಗೆ ಎರಡೂವರೆ ಅಡಿ. ಈಗಿನ ಬ್ರಾಡ್ ಗೇಜಿನ ಅರ್ಧವೂ ಇಲ್ಲ. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ, ಅವರ ಹುಟ್ಟೂರು ಮುದ್ದೇನಹಳ್ಳಿ ಇದೇ ನಂದಿ ಬೆಟ್ಟದ ಸೀಮೆಯದು. ಮುಂದೆ ಗೇಜ್ ಬದಲಾಯಿತು, ಆ ಪುಟ್ಟ ಎಂಜಿನ್ನುಗಳು ಹೋದವು, ಹಳಿ ಹೋಯಿತು. ಇಂದು ಕರ್ನಾಟಕದಲ್ಲಿ ಎಲ್ಲಿಯೂ ನ್ಯಾರೋ ಗೇಜ್ ರೈಲು ಓಡುವುದಿಲ್ಲ. ಆ ಕಾಲದ್ದು ಅಂತ ಅದರ ಜಾಗದಲ್ಲೇ ಉಳಿದಿರುವುದು ಈ ಕಟ್ಟಡಗಳು ಮಾತ್ರ.

ಕಳೆದ ಚಳಿಗಾಲದ ಒಂದು ಭಾನುವಾರ ಇಬ್ಬರು ಗೆಳೆಯರೊಂದಿಗೆ ನಂದಿ ಹಾಲ್ಟ್‌ಗೆ ರೈಲಿನ ಫೋಟೊ ತೆಗೆಯಲು ಹೋಗಿದ್ದೆ. ಆ ಜಾಗಕ್ಕೆ ಬೆಳಗ್ಗೆಯೇ ಏಕೆ ಹೋಗಬೇಕು ಎಂಬುದನ್ನು ತಮಗೆ ತಿಳಿಸಬೇಕು, ನನ್ನ ಕೋರಿಕೆಯೆಲ್ಲ ನಿಂತಿರುವುದು ಅದರ ಮೇಲೆ. ಹಳಿ ಅಲ್ಲಿ ಹೆಚ್ಚುಕಡಿಮೆ ದಕ್ಷಿಣದಿಂದ ಉತ್ತರಕ್ಕೆ ಓಡುತ್ತದೆ. ನಂದಿ ಬೆಟ್ಟ ಇರುವುದು ಹಳಿಯ ಪಡುವಣಕ್ಕೆ. ಹಳಿಯ ಮೂಡಣ ಬದಿಯಲ್ಲಿ ನಿಂತರೆ ಬೆನ್ನಿಗೆ ಎಳೆ ಬಿಸಿಲು, ಎದುರಿಗೆ ರೈಲು, ರೈಲಿನ ಹಿಂದೆ ಇಡೀ ಬೆಟ್ಟ. ಬಿಸಿಲು ಬೋಗಿಗಳ ಮೇಲೂ ಬಂಡೆಯ ಮೇಲೂ ಒಂದೇ ಸಮನೆ ಬಿದ್ದಿರುತ್ತದೆ. ಹೊತ್ತು ಏರಿದರೆ ಬೆಟ್ಟ ಮಂಕಾಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಬೆಟ್ಟದ ಕಡೆಗೆ ಹೊರಳಿ ರೈಲಿನ ಈಚೆ ಬದಿಯೆಲ್ಲ ಕಪ್ಪು.

ಮಾರ್ಗ ಈಗ ವಿದ್ಯುದೀಕರಣಗೊಂಡಿದೆ. ಡೀಸೆಲ್ ಎಂಜಿನ್ನಿನ ಸದ್ದಾದರೆ ದೂರದಿಂದಲೇ ಕೇಳುತ್ತಿತ್ತು, ಈಗಿನ ಮೆಮು, ಅಂದರೆ ವಿದ್ಯುತ್ತಿನಲ್ಲಿ ಓಡುವ ಲೋಕಲ್ ರೈಲು, ಸದ್ದಿಲ್ಲದೆ ತಿರುವಿನಲ್ಲಿ ಕಾಣಿಸಿಕೊಂಡುಬಿಡುತ್ತದೆ. ವಿದ್ಯುತ್ ಕಂಬಗಳು ಬೇರೆ ಸಾಲಾಗಿ ನಿಂತಿವೆ, ಒಂದು ಕಂಬ ರೈಲಿನ ಮುಖಕ್ಕೆ ಅಡ್ಡ ಬಂದರೂ ಚಿತ್ರ ಕೆಟ್ಟಿತು. ಎರಡು ಕಂಬಗಳ ನಡುವೆ ಅದರ ಮುಖ ಬರುವ ಆ ಚಣಕ್ಕೆ ಕಾಯಬೇಕು. ಉಸಿರು ಬಿಗಿಹಿಡಿದು ಕಾದೆವು. ಲೋಕೊಪೈಲಟ್ ನಮ್ಮನ್ನು ಕಂಡು ಒಂದು ಸಲ ಹಾರ್ನ್ ಹಾಕಿ ಕೈಯೆತ್ತಿದರು. ಆ ಚಿತ್ರದಲ್ಲಿ ಅವರ ಕೈ, ಅವರ ಹಿಂದೆ ನಂದಿಯ ಬಂಡೆ, ಬೋಗಿಗಳ ಮೈಮೇಲೆ ತಂತಿಯ ನೆರಳಿನ ಗೆರೆ ಎಲ್ಲವೂ ಬಂದಿದೆ. ನನ್ನ ಮಟ್ಟಿಗೆ ಬೆಂಗಳೂರಿನ ಸುತ್ತಮುತ್ತ ರೈಲಿನ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ಸರ್, ಅಲ್ಲಿಗೆ ನಾವು ಹೋದದ್ದು ಬೈಕಿನಲ್ಲಿ. ಆ ಹೊತ್ತಿಗೆ ಅಲ್ಲಿ ಇಳಿಸುವ ರೈಲು ನಮಗೆ ಸಿಗಲಿಲ್ಲ. ಈ ಮಾರ್ಗದ ರೈಲುಗಳು ಮುಖ್ಯವಾಗಿ ಕೆಲಸಕ್ಕೆ ಹೋಗಿಬರುವವರಿಗಾಗಿ ಓಡುತ್ತವೆ, ಅದು ನ್ಯಾಯವೇ. ರಜಾ ದಿನಗಳ ಕಥೆ ಬೇರೆ. ಶನಿವಾರ, ಭಾನುವಾರ ಬೆಳಕು ಹರಿಯುವ ಮೊದಲೇ ನಂದಿ ಬೆಟ್ಟದ ರಸ್ತೆಯಲ್ಲಿ ಬೈಕು, ಕಾರುಗಳ ಸಾಲು ನಿಂತಿರುತ್ತದೆ. ಬೆಟ್ಟದ ಬುಡದ ತನಕ ಹಳಿ ಇದೆ, ಮೇಲೆ ತಂತಿ ಇದೆ, ನಿಲ್ದಾಣ ಇದೆ; ಜನ ಮಾತ್ರ ರಸ್ತೆಯಲ್ಲಿ ಹೊಗೆ ಕುಡಿಯುತ್ತಿದ್ದಾರೆ.

ನಂದಿ ಹಾಲ್ಟ್ ಕಟ್ಟಡವನ್ನು, ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ರೈಲ್ವೆಯ ಸಹಕಾರದಿಂದ ಜೀರ್ಣೋದ್ಧಾರ ಮಾಡಿದೆ. ಬಹಳ ಒಳ್ಳೆಯ ಕೆಲಸ, ಅದಕ್ಕೆ ದುಡಿದ ಕಲ್ಲುಕೆಲಸದವರಿಂದ ಹಿಡಿದು ಅನುಮತಿ ಕೊಟ್ಟ ಅಧಿಕಾರಿಗಳವರೆಗೆ ಎಲ್ಲರಿಗೂ ನಾವು ಋಣಿಗಳು. ಆದರೆ ಬಾಗಿಲು ತೆರೆಯದ, ಜನ ಇಳಿಯದ ನಿಲ್ದಾಣವನ್ನು ಎಷ್ಟು ಸಲ ಸುಣ್ಣ ಹೊಡೆದು ಉಳಿಸಿಕೊಳ್ಳಲಾದೀತು? ನೀಲಗಿರಿಯ ರೈಲನ್ನೇ ನೋಡಿ. ಮೇಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರ್, 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಪುಟ್ಟ ನಿಲ್ದಾಣಗಳು ಇವತ್ತಿಗೂ ಚೊಕ್ಕಟವಾಗಿರುವುದು ದಿನವೂ ರೈಲು ಬರುವುದರಿಂದ, ಟಿಕೆಟ್ ಕೊಡುವವರು, ಚಹಾ ಮಾರುವವರು, ಕಾಯುವವರು ಅಲ್ಲಿ ಇರುವುದರಿಂದ. ನಿಂತ ಎಂಜಿನ್ನುಗಳನ್ನು ನೋಡಲು ನಮಗೆ 1979ರಿಂದಲೇ ಮೈಸೂರಿನ ರೈಲು ಮ್ಯೂಸಿಯಂ ಇದೆ. ಈ ನಾಲ್ಕು ನಿಲ್ದಾಣಗಳು ಇನ್ನೊಂದು ಮ್ಯೂಸಿಯಂ ಆಗುವುದು ಬೇಡ. ಅವು ನಿಲ್ದಾಣಗಳಾಗಿಯೇ ಇರಲಿ.

ಆ ದಿನ ಅಲ್ಲಿ ನಮ್ಮ ಟ್ರೈಪಾಡ್ ನೋಡಿ ದನ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು. "ಏನ್ ಸಾಮಿ, ಸರ್ವೇಗ್ ಬಂದ್ರಾ?" ಎಂದರು. ಅಲ್ಲ ಅಜ್ಜಾ, ರೈಲಿನ ಫೋಟೊ ತೆಗೆಯೋಕೆ ಅಂದೆವು. ನಂಬಿಕೆ ಬಂದ ಹಾಗೆ ಕಾಣಲಿಲ್ಲ. "ಇನ್ನೊಂದ್ ಲೈನ್ ಹಾಕ್ತಾರಂತಲ್ಲಾ, ಆಗ ಈ ಟೇಸನ್ ಒಡೀತಾರಾ?" ಎಂದು ಕೇಳಿದರು. ಚಿಕ್ಕವರಿದ್ದಾಗ ಅವರು ಸಣ್ಣ ರೈಲಿನಲ್ಲಿ ದೇವನಹಳ್ಳಿ ಸಂತೆಗೆ ಹೋಗುತ್ತಿದ್ದರಂತೆ.

ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ, ತಮ್ಮಲ್ಲಿ ಇರಬೇಕು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆಯ 'ಸಂಪಿಗೆ' ಮಾರ್ಗ ಮೆಜೆಸ್ಟಿಕ್‌ನಿಂದ ಯಲಹಂಕದ ಮೇಲೆ ದೇವನಹಳ್ಳಿಗೆ ಬರಬೇಕು, 41.4 ಕಿಲೋಮೀಟರ್. ಅದು ಬೇಗ ಬರಲಿ ಎಂದು ಕಾಯುತ್ತಿರುವವರಲ್ಲಿ ನಾನೂ ಒಬ್ಬ. ಆದರೆ ಹೊಸ ಹಳಿ, ಹೊಸ ಪ್ಲಾಟ್‌ಫಾರ್ಮ್ ಎಂದು ನಕ್ಷೆ ಬರೆಯುವಾಗ ಹತ್ತು ಮೀಟರ್ ಆಚೀಚೆ ಆಗುವುದು ಕಾಗದದ ಮೇಲೆ ಸುಲಭ, ಜೆಸಿಬಿ ಬಂದು ನಿಂತ ಮೇಲೆ ಆಗದು. ಈಗಲೇ, ನಕ್ಷೆಯ ಹಂತದಲ್ಲೇ, ಈ ನಾಲ್ಕು ಕಟ್ಟಡಗಳನ್ನು ಪಾರಂಪರಿಕ ಕಟ್ಟಡಗಳೆಂದು ಗುರುತಿಸಿ ಅವಕ್ಕೆ ಕೈ ಹಚ್ಚಬಾರದೆಂಬ ಲಿಖಿತ ಆದೇಶ ಹೊರಡಿಸಿ. ಬಾಯಿಮಾತಿನ ಭರವಸೆ ಅಧಿಕಾರಿ ವರ್ಗವಾದ ದಿನವೇ ಮುಗಿದುಹೋಗುತ್ತದೆ.

ಇನ್ನು ಕ್ಯಾಮೆರಾದ ವಿಷಯ. ಬೇರೊಂದು ನಿಲ್ದಾಣದಲ್ಲಿ, ಜೇಬಿನಲ್ಲಿ ಟಿಕೆಟ್ ಇದ್ದರೂ, ಕ್ಯಾಮೆರಾ ಒಳಗಿಡದಿದ್ದರೆ ಕೇಸು ಹಾಕುತ್ತೇನೆ ಎಂದು ಸಿಬ್ಬಂದಿಯೊಬ್ಬರು ನನ್ನನ್ನು ಗದರಿದ್ದರು. ಪಕ್ಕದಲ್ಲೇ ಹತ್ತಾರು ಜನ ಮೊಬೈಲಿನಲ್ಲಿ ಅದೇ ರೈಲಿನ ವಿಡಿಯೊ ಮಾಡುತ್ತಿದ್ದರು. ಹಳಿಯ ಮೇಲೆ ಇಳಿಯುವವರನ್ನು ಖಂಡಿತ ಹಿಡಿಯಲಿ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಇರುವುದೇ ಅದಕ್ಕೆ, ತಲೆಯ ಮೇಲೆ 25,000 ವೋಲ್ಟ್ ಹರಿಯುವ ಕಡೆ ಹುಡುಗಾಟ ಸಲ್ಲದು. ಆದರೆ ಪ್ಲಾಟ್‌ಫಾರ್ಮ್ ಮೇಲೆ, ಗೆರೆಯ ಹಿಂದೆ ನಿಂತು, ಟಿಕೆಟ್ ಪಡೆದು ಚಿತ್ರ ತೆಗೆಯುವ ಹವ್ಯಾಸಿಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಕನ್ನಡದಲ್ಲಿ ಒಂದು ಫಲಕ ಬರೆಸಿದರೆ ಸಿಬ್ಬಂದಿಗೂ ನಮಗೂ ಜಗಳ ತಪ್ಪುತ್ತದೆ. ನಂದಿ ಹಾಲ್ಟ್‌ನಿಂದಲೇ ಶುರುವಾಗಲಿ. ಹಳಿಯ ಮೂಡಣಕ್ಕೆ ಬೇಲಿ ಹಾಕಿ ಸುರಕ್ಷಿತವಾದ ಒಂದಿಷ್ಟು ಜಾಗ ಬಿಟ್ಟುಕೊಟ್ಟರೆ ಶಾಲೆಯ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ಮುಖ್ಯವಾಗಿ ಬೇಕಾದದ್ದು ಆ ರೈಲು. ನವೆಂಬರಿನಿಂದ ಫೆಬ್ರವರಿಯವರೆಗೆ, ಶನಿವಾರ ಮತ್ತು ಭಾನುವಾರ, ನಸುಕಿನಲ್ಲೇ ಬೆಂಗಳೂರು ಬಿಟ್ಟು ಎಳೆ ಬಿಸಿಲು ಇರುವಾಗಲೇ ನಂದಿ ಹಾಲ್ಟ್ ಮುಟ್ಟುವ ಒಂದು ಮೆಮು. ಹೊಸ ಬೋಗಿ ಬೇಡ, ಗಾಜಿನ ಚಾವಣಿ ಬೇಡ, ದುಬಾರಿ ಟಿಕೆಟ್ ಬೇಡ. ಮಾಮೂಲಿ ಟಿಕೆಟ್ಟಿನಲ್ಲೇ ದೊಡ್ಡಜಾಲದಲ್ಲೂ ದೇವನಹಳ್ಳಿಯಲ್ಲೂ ಆವತಿಹಳ್ಳಿಯಲ್ಲೂ ನಿಲ್ಲಲಿ. ನಿಲ್ದಾಣದಿಂದ ಬೆಟ್ಟಕ್ಕೂ ಭೋಗನಂದೀಶ್ವರನ ಗುಡಿಗೂ ರೈಲಿನ ಹೊತ್ತಿಗೆ ಸರಿಯಾಗಿ ಒಂದು ಸಾರಿಗೆ ಬಸ್ ಬಂದರೆ ಸಾಕು, ಜನ ತಾವಾಗಿ ಬರುತ್ತಾರೆ. ದೇವನಹಳ್ಳಿಯವರು ಪ್ಲಾಟ್‌ಫಾರ್ಮಿನಲ್ಲಿ ಚಕ್ಕೋತ ಮಾರಲಿ, ನಂದಿಯವರು ದ್ರಾಕ್ಷಿ ಮಾರಲಿ. ಒಂದು ಚಳಿಗಾಲ ಓಡಿಸಿ ನೋಡಿ, ಎಷ್ಟು ಟಿಕೆಟ್ ಹೋಯಿತು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಿ, ಮುಂದಿನದನ್ನು ಆಮೇಲೆ ತೀರ್ಮಾನಿಸಿ.

ಈ ಪತ್ರದ ಪ್ರತಿಯನ್ನು ನಂದಿ ಹಾಲ್ಟ್‌ನ ಚಿತ್ರಗಳೊಂದಿಗೆ ತಮ್ಮ ಕಚೇರಿಗೂ ಅಂಚೆಯಲ್ಲಿ ಕಳಿಸಿದ್ದೇನೆ. ಮುಂದಿನ ವೇಳಾಪಟ್ಟಿ ಅಂತಿಮಗೊಳ್ಳುವ ಮೊದಲು ತಮ್ಮಿಂದ ಒಂದು ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರೈಲು ಛಾಯಾಗ್ರಹಣದ ಹವ್ಯಾಸಿ, ಯಲಹಂಕ, ಬೆಂಗಳೂರು